ಮೂಳೆಗೂ ಸೇತುವೆಗೂ ಒಂದೇ ಲೆಕ್ಕ

ತೊಡೆಮೂಳೆಯ ಮೇಲ್ತುದಿಯನ್ನು ಉದ್ದಕ್ಕೆ ಸೀಳಿ ನೋಡಿದರೆ ಒಳಗೆ ಗಟ್ಟಿಯಾಗಿ ತುಂಬಿಕೊಂಡಿರುವುದಿಲ್ಲ, ತೆಳ್ಳನೆಯ ಎಳೆಗಳ ಜಾಲರಿ ಇರುತ್ತದೆ. ಸೊಂಟದ ಕೀಲಿನಲ್ಲಿ ಕೂರುವ ಗುಂಡಿನಿಂದ ಎಳೆಗಳ ಒಂದು ಕಟ್ಟು ಕೆಳಗಿಳಿದು ಒಳಬದಿಯ ಗಟ್ಟಿಗೋಡೆಯನ್ನು ಸೇರುತ್ತದೆ. ಇನ್ನೊಂದು ಕಟ್ಟು ಕಮಾನಾಗಿ ಬಾಗಿ ಹೊರಬದಿಗೆ ಹೋಗುತ್ತದೆ. ಎರಡೂ ಎದುರಾದಲ್ಲೆಲ್ಲ ಹೆಚ್ಚುಕಡಿಮೆ ಲಂಬಕೋನದಲ್ಲಿ ಹಾಯುತ್ತವೆ. 1866ರಲ್ಲಿ ಜ್ಯೂರಿಕ್‌ನಲ್ಲಿ ಅಂಗರಚನಾಶಾಸ್ತ್ರಜ್ಞ ಹರ್ಮನ್ ಫಾನ್ ಮೇಯರ್ ಈ ಬಗೆಯ ಚಿತ್ರವನ್ನು ತೋರಿಸಿದಾಗ, ನೋಡುತ್ತಿದ್ದವರಲ್ಲಿ ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರೂ ಇದ್ದರು. ಭಾರ ಎತ್ತುವ ಕ್ರೇನಿನ ಬಾಗಿದ ತೋಳಿನೊಳಗೆ ಒತ್ತಡ ಎತ್ತ ಹರಿಯುತ್ತದೆ, ಎಳೆತ ಎತ್ತ ಹರಿಯುತ್ತದೆ ಎಂದು ಅವರು ಗೆರೆ ಎಳೆದು ತೋರಿಸುತ್ತಿದ್ದ ನಕ್ಷೆಗೂ ಈ ಮೂಳೆಯ ಚಿತ್ರಕ್ಕೂ ಗಾಢ ಹೋಲಿಕೆ ಇತ್ತು.

1892ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವುಲ್ಫ್ ಇದನ್ನೇ ನಿಯಮವಾಗಿ ಮುಂದಿಟ್ಟರು: ಹೊರುವ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಿದ್ದಿಕೊಳ್ಳುತ್ತದೆ. ಟೆನಿಸ್ ಆಟಗಾರರ ಬ್ಯಾಟು ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಮೂಳೆ ಸವೆಯುತ್ತದೆ. ಬೇಕಾದಲ್ಲಿ ಕಟ್ಟುವುದು, ಬೇಡವಾದಲ್ಲಿ ತೆಗೆಯುವುದು: ಈ ಕೆಲಸ ಜೀವವಿರುವವರೆಗೂ ನಿಲ್ಲುವುದಿಲ್ಲ.

ಹೋಲಿಕೆ ಕಣ್ಣಿಗೆ ಕಂಡಿತು ನಿಜ. ಆದರೆ ಅದನ್ನು ಲೆಕ್ಕಕ್ಕೆ ಇಳಿಸಲು ಸುಮಾರು ನೂರು ವರ್ಷ ಬೇಕಾಯಿತು. ನೇರವಾದ ತೊಲೆ, ದುಂಡನೆಯ ಕಂಬ ಇಂಥವುಗಳೊಳಗಿನ ಒತ್ತಡವನ್ನು ಕಾಗದದ ಮೇಲೆ ಸೂತ್ರ ಹಾಕಿ ತೆಗೆಯಬಹುದು. ಮೂಳೆಯಂಥ ಅಂಕುಡೊಂಕು ಆಕಾರಕ್ಕೆ ಸೂತ್ರವಿಲ್ಲ. ದಾರಿ ತೆರೆದುಕೊಂಡದ್ದು ವಿಮಾನ ಕಟ್ಟುವವರ ಕೈಯಲ್ಲಿ. ಬೋಯಿಂಗ್ ಕಂಪನಿಯಲ್ಲಿ ರೆಕ್ಕೆಗಳ ಲೆಕ್ಕಕ್ಕೆಂದು ಬೆಳೆದ ಒಂದು ವಿಧಾನ 1956ರಲ್ಲಿ ಪ್ರಕಟವಾಯಿತು. ಅದರ ಲೇಖಕರಲ್ಲೊಬ್ಬರಾದ ರೇ ಕ್ಲಫ್ 1960ರಲ್ಲಿ ಅದಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಎಂದು ಹೆಸರಿಟ್ಟರು. ಆಕಾರ ಎಷ್ಟೇ ಜಟಿಲವಾಗಿರಲಿ, ಅದನ್ನು ಪುಟ್ಟ ಪುಟ್ಟ ತುಂಡುಗಳಾಗಿ ಒಡೆಯುತ್ತಾರೆ. ರಂಗೋಲಿಯಲ್ಲಿ ಗೆರೆಗಳು ಚುಕ್ಕಿಗಳಲ್ಲಿ ಕೂಡುವಂತೆ ತುಂಡುಗಳು ಮೂಲೆಯ ಬಿಂದುಗಳಲ್ಲಿ ಕೂಡುತ್ತವೆ. ಒಂದು ತುಂಡಿನ ವರ್ತನೆ ಸರಳ, ಅದಕ್ಕೆ ಸಮೀಕರಣ ಬರೆಯಬಹುದು. ಎಲ್ಲ ತುಂಡುಗಳ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಿದರೆ ಯಾವ ಬಿಂದು ಎಷ್ಟು ಸರಿಯುತ್ತದೆ, ಎಲ್ಲಿ ಒತ್ತಡ ಮಿತಿಮೀರುತ್ತದೆ ಎಂಬುದು ಗೊತ್ತಾಗುತ್ತದೆ. ಸಮೀಕರಣಗಳು ಸಾವಿರ, ಲಕ್ಷ, ಕೋಟಿಯಾದಾಗ ಮನುಷ್ಯ ಕೂತು ಬಿಡಿಸುವಂತಿಲ್ಲ. ಕಂಪ್ಯೂಟರ್ ಬೇಕಾದದ್ದು ಅಲ್ಲಿ.

ಕಂಪ್ಯೂಟರಿನಿಂದ ವಿನ್ಯಾಸದಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಹೆಚ್ಚಿನವರು ನಕ್ಷೆ ಬೇಗ ಬರೆಯಬಹುದು, ತಿದ್ದುವುದು ಸುಲಭ ಎನ್ನುತ್ತಾರೆ. ಅದು ಸಣ್ಣ ಲಾಭ. ದೊಡ್ಡದು ಯಾವುದೆಂದರೆ, ವಿಮಾನದ ರೆಕ್ಕೆ, ಕಟ್ಟಡದ ಕಂಬ, ರೋಗಿಯ ಮೂಳೆ ಈ ಮೂರನ್ನೂ ಒಂದೇ ಲೆಕ್ಕದೊಳಗೆ ಇಟ್ಟು ನೋಡಲು ಸಾಧ್ಯವಾದದ್ದು. ಕ್ಲಫ್ ಹೆಸರಿಟ್ಟು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ, 1972ರಲ್ಲಿ, ಇದೇ ವಿಧಾನದಲ್ಲಿ ತೊಡೆಮೂಳೆಯನ್ನು ಲೆಕ್ಕ ಹಾಕಿದ ಪ್ರಬಂಧ ವೈದ್ಯರ ಪತ್ರಿಕೆಯಲ್ಲಿ ಬಂತು.

ಆದರೆ ಯಾವುದೋ ಒಂದು ಮೂಳೆಯಲ್ಲ, ಈ ರೋಗಿಯ ಮೂಳೆಯೇ ಲೆಕ್ಕಕ್ಕೆ ಬೇಕೆಂದರೆ ಅದನ್ನು ದೇಹದೊಳಗೇ ಅಳೆಯಬೇಕು. ಇದನ್ನು ಮಾಡಿಕೊಟ್ಟದ್ದು ಸಿ.ಟಿ. ಸ್ಕ್ಯಾನ್. ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮೆದುಳನ್ನು ಹೀಗೆ ಚಿತ್ರಿಸಲಾಯಿತು. ಯಂತ್ರ ರೂಪಿಸಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಇ.ಎಂ.ಐ. ಕಂಪನಿಯ ಎಂಜಿನಿಯರ್. ಒಂದೇ ಅಡ್ಡಸೀಳನ್ನು ಹಲವು ಕೋನಗಳಿಂದ ಎಕ್ಸ್-ರೇಯಲ್ಲಿ ಅಳೆದು, ಆ ಅಳತೆಗಳಿಂದ ಒಳಗಿನ ಚಿತ್ರವನ್ನು ಲೆಕ್ಕದ ಮೂಲಕ ಕಟ್ಟುವುದು ಅದರ ಕೆಲಸ. ಮೊದಲ ಚಿತ್ರದಲ್ಲಿದ್ದದ್ದು 80 ಅಡ್ಡಸಾಲು, 80 ಉದ್ದಸಾಲಿನ ಚೌಕಗಳು ಮಾತ್ರ.

ಇಲ್ಲಿ ನಮ್ಮವರ ಪಾಲೂ ಇದೆ. ನಮ್ಮ ಪಠ್ಯಪುಸ್ತಕಗಳು ಇದನ್ನು ಹೇಳುವುದಿಲ್ಲವೆಂಬ ಬೇಸರ ನನಗಿದೆ. ಪ್ರೋಟೀನುಗಳ ರಚನೆಯ ಅಧ್ಯಯನಕ್ಕೆ ಜಗತ್ತಿನಲ್ಲೇ ಹೆಸರಾದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದ ಜಿ.ಎನ್. ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ 1971ರಲ್ಲೇ ಒಂದು ಪ್ರಬಂಧ ಪ್ರಕಟಿಸಿದರು. ಎಕ್ಸ್-ರೇ ಅಳತೆಗಳಿಂದ ಒಳಚಿತ್ರ ಕಟ್ಟಲು ಆಗ ಫೋರಿಯರ್ ಗಣಿತದ ಉದ್ದನೆಯ ದಾರಿ ಹಿಡಿಯಬೇಕಿತ್ತು. ಅದರ ಬದಲು ಅಳತೆಗಳನ್ನೇ ಒಂದು ಸರಳ ಸೋಸುವಿಕೆಗೆ ಒಳಪಡಿಸಿ, ಬಂದ ದಿಕ್ಕಿನಲ್ಲೇ ಹಿಂದಕ್ಕೆ ಹರಡಿದರೆ ಸಾಕೆಂದು ಅವರು ತೋರಿಸಿದರು. ಸ್ಕ್ಯಾನಿನ ಗಣಿತ ಕಲಿಯುವವರು ಇಂದಿಗೂ ಇದನ್ನು ರಾಮ್-ಲ್ಯಾಕ್ ಫಿಲ್ಟರ್ ಎಂದೇ ಕರೆಯುತ್ತಾರೆ.

ಸ್ಕ್ಯಾನ್ ಕೊಡುವುದು ಬರೀ ಚಿತ್ರವಲ್ಲ, ಅಂಕಿಗಳನ್ನು. ನೀರಿಗೆ 0, ಗಾಳಿಗೆ ಮೈನಸ್ 1000. ಜಾಲರಿಮೂಳೆಗೆ ಕೆಲವು ನೂರು, ಗಟ್ಟಿಮೂಳೆಗೆ ಸಾವಿರದ ಆಸುಪಾಸು ಅಥವಾ ಅದಕ್ಕೂ ಮೇಲೆ. ಅಂಕಿಯಿಂದ ಸಾಂದ್ರತೆ, ಸಾಂದ್ರತೆಯಿಂದ ಅಲ್ಲಿನ ಮೂಳೆ ಎಷ್ಟು ಬಿಗಿ ಎಂಬ ಅಂದಾಜು ಸಿಗುತ್ತದೆ. ಅದನ್ನು ತುಂಡುತುಂಡಿಗೂ ತುಂಬಿದರೆ ರೋಗಿಯ ಮೂಳೆ ಕಂಪ್ಯೂಟರಿನಲ್ಲಿ ಭಾರ ಹೊರಲು ಸಿದ್ಧ.

1988ರಲ್ಲಿ ಮಾರ್ಟಿನ್ ಬೆಂಡ್ಸೋ ಮತ್ತು ನೊಬೋರು ಕಿಕುಚಿ ಲೆಕ್ಕವನ್ನು ತಿರುಗಿಸಿ ಕೇಳಿದರು. ಇಂಥ ಆಕಾರ ಎಷ್ಟು ಭಾರ ತಾಳುತ್ತದೆ ಎಂದಲ್ಲ, ಇಷ್ಟು ಭಾರ ತಾಳಲು ಇಷ್ಟೇ ವಸ್ತುವನ್ನು ಎಲ್ಲೆಲ್ಲಿ ಇಡಬೇಕು ಎಂದು. ಕೆಲಸ ಮಾಡದ ಕಡೆ ವಸ್ತುವನ್ನು ತೆಗೆಯುತ್ತ, ದುಡಿಯುವ ಕಡೆ ಸೇರಿಸುತ್ತ ಹೋಗುವ ಈ ಲೆಕ್ಕ ಮೂಳೆಯ ನಡವಳಿಕೆಯನ್ನೇ ಹೋಲುತ್ತದೆ. ಇದೇ ಜಾಡಿನ ವಿಧಾನವೊಂದರಿಂದ ಮೂಡಿದ ಕಟ್ಟಡ ಕತಾರಿನ ರಾಷ್ಟ್ರೀಯ ಸಮಾವೇಶ ಕೇಂದ್ರ. ಅದರ 250 ಮೀಟರ್ ಉದ್ದದ ಮುಂಭಾಗವನ್ನು ಹೊತ್ತಿರುವುದು ಮರದ ಕಾಂಡದಂತೆ ಕವಲೊಡೆದ ಉಕ್ಕಿನ ಎರಡು ಆಧಾರಗಳು. ವಾಸ್ತುಶಿಲ್ಪಿ ಅರಾಟಾ ಇಸೋಝಾಕಿ, ಲೆಕ್ಕ ಹಾಕಿದ ಎಂಜಿನಿಯರ್ ಮುತ್ಸುರೋ ಸಾಸಾಕಿ. 2017ರಲ್ಲಿ ಡೆನ್ಮಾರ್ಕಿನ ತಂಡವೊಂದು ವಿಮಾನದ ಇಡೀ ರೆಕ್ಕೆಯನ್ನು ನೂರು ಕೋಟಿಗೂ ಮಿಕ್ಕಿದ ತುಂಡುಗಳಾಗಿ ಒಡೆದು ಲೆಕ್ಕಕ್ಕೆ ಬಿಟ್ಟಿತು. ರೆಕ್ಕೆಯೊಳಗೆ ಮೂಡಿದ ಬಾಗಿದ ಆಧಾರಪಟ್ಟಿಗಳು ಹಕ್ಕಿಯ ಕೊಕ್ಕಿನ ಒಳರಚನೆಯನ್ನು ನೆನಪಿಸುತ್ತಿದ್ದವು. ಇಳಿದ ತೂಕ ಶೇಕಡಾ 2ರಿಂದ 5. ಕೇಳಲು ಕಡಿಮೆ ಎನಿಸಬಹುದು, ಆದರೆ ವಿಮಾನದಲ್ಲಿ ಉಳಿಸಿದ ಪ್ರತಿ ಕಿಲೋ ತೂಕ ಪ್ರತಿ ಹಾರಾಟದಲ್ಲೂ ಇಂಧನ ಉಳಿಸುತ್ತದೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆ ಇದೆ. ನಾರ್ವೆಯ ಸ್ಲೈಪ್ನರ್-ಎ ತೈಲವೇದಿಕೆಯ ಕಾಂಕ್ರೀಟ್ ತಳಹದಿಯನ್ನು 1991ರ ಆಗಸ್ಟ್ 23ರಂದು ಪರೀಕ್ಷೆಗೆಂದು ಸ್ಟವಾಂಗರ್ ಬಳಿಯ ನೀರಿನಲ್ಲಿ ಇಳಿಸುತ್ತಿದ್ದರು. ದುಂಡನೆಯ ಕೋಶಗಳು ಒಂದಕ್ಕೊಂದು ತಾಗುವ ಮೂಲೆಯ ಗೋಡೆ ಸುಮಾರು 65 ಮೀಟರ್ ಆಳದಲ್ಲಿ ಬಿರಿಯಿತು. ಪ್ರಾಣಹಾನಿ ಆಗಲಿಲ್ಲ, ಆದರೆ ಇಡೀ ರಚನೆ ಮುಳುಗಿ ನುಚ್ಚುನೂರಾಯಿತು. ವಿನ್ಯಾಸದಲ್ಲಿ ಆ ಮೂಲೆಯನ್ನು ತೀರಾ ದೊಡ್ಡ, ಸೊಟ್ಟ ತುಂಡುಗಳಾಗಿ ಒಡೆದಿದ್ದರು. ಹೀಗಾಗಿ ಕತ್ತರಿಸುವ ಒತ್ತಡ ಶೇಕಡಾ 47ರಷ್ಟು ಕಡಿಮೆ ಎಂದು ಬಂದಿತ್ತು. ಗೋಡೆ ತೆಳುವಾಯಿತು, ಕಂಬಿ ಸಾಲದಾಯಿತು. ಆಮೇಲೆ ಎಚ್ಚರಿಕೆಯಿಂದ ಮತ್ತೆ ಲೆಕ್ಕ ಹಾಕಿದಾಗ ಗೋಡೆ 62 ಮೀಟರ್ ಆಳದಲ್ಲಿ ಸೋಲುತ್ತದೆ ಎಂದು ಬಂತು. ವಿಧಾನದಲ್ಲಿ ದೋಷವಿರಲಿಲ್ಲ. ಎಲ್ಲಿ ಸಣ್ಣದಾಗಿ ಒಡೆಯಬೇಕು ಎಂಬ ತೀರ್ಮಾನ ಮನುಷ್ಯನದು, ಅದು ತಪ್ಪಿತ್ತು. ಪರದೆಯ ಮೇಲಿನ ಬಣ್ಣಬಣ್ಣದ ಒತ್ತಡಚಿತ್ರ ಸರಿಯಿದ್ದಾಗ ಎಷ್ಟು ಚೆಂದವೋ ತಪ್ಪಿದ್ದಾಗಲೂ ಅಷ್ಟೇ ಚೆಂದ. ಈ ವಿದ್ಯೆ ಕಲಿಯುವ ಹುಡುಗ ಹುಡುಗಿಯರಿಗೆ ಸಾಫ್ಟ್‌ವೇರ್ ಕಲಿಸುವ ಮೊದಲು ಒಂದು ತೊಲೆಯ ಲೆಕ್ಕವನ್ನು ಕೈಯಲ್ಲೇ ಮಾಡಿಸಬೇಕೆಂದು ನಾನು ಹೇಳುವುದು ಇದಕ್ಕೇ.

ವೈದ್ಯರ ಕೈಯಲ್ಲಿ ಇದೇ ವಿದ್ಯೆ ಬೇರೆ ರೂಪ ತಾಳುತ್ತದೆ. ತಲೆಬುರುಡೆಯ ಒಂದು ಬದಿ ಒಡೆದು ಹೋಗಿದ್ದರೆ ಇನ್ನೊಂದು ಬದಿಯ ಸ್ಕ್ಯಾನನ್ನು ಕನ್ನಡಿಬಿಂಬದಂತೆ ತಿರುಗಿಸಿ ಅದರ ಅಳತೆಗೇ ತಟ್ಟೆ ಮಾಡಿಸಬಹುದು. ಸೊಂಟದ ಕೀಲು ಬದಲಿಸುವಾಗ ತೊಡಕು ಬೇರೆ. ಟೈಟಾನಿಯಂ ಮೂಳೆಗಿಂತ ಹಲವು ಪಟ್ಟು ಬಿಗಿ. ಭಾರವನ್ನೆಲ್ಲ ಅದೇ ಹೊತ್ತರೆ ಸುತ್ತಲಿನ ಮೂಳೆ, ವುಲ್ಫ್ ಹೇಳಿದಂತೆಯೇ, ಕೆಲಸವಿಲ್ಲದೆ ಕರಗುತ್ತದೆ. ಅದಕ್ಕೆಂದೇ ಲೋಹದ ಪುಡಿಯನ್ನು ಪದರಪದರವಾಗಿ ಕರಗಿಸಿ ಮುದ್ರಿಸುವ ರಂಧ್ರಮಯ ಕೀಲುಭಾಗಗಳು ಬಂದಿವೆ. ಅವು ಅಷ್ಟು ಬಿಗಿಯಲ್ಲ, ರಂಧ್ರಗಳೊಳಗೆ ಮೂಳೆಯೂ ಬೆಳೆದು ಹಿಡಿದುಕೊಳ್ಳುತ್ತದೆ.

ನಮ್ಮ ನಾಡಿಗೆ ಹೆಚ್ಚು ಹತ್ತಿರದ ಉದಾಹರಣೆ ದವಡೆಯದು. ತಂಬಾಕು, ಅಡಿಕೆ, ಗುಟ್ಕಾ ಜಗಿಯುವ ಚಟದಿಂದ ಬಾಯಿ ಕ್ಯಾನ್ಸರ್ ಭಾರತದಲ್ಲಿ ಬಲು ಸಾಮಾನ್ಯ. ಗೆಡ್ಡೆಯೊಂದಿಗೆ ಕೆಳದವಡೆಯ ಭಾಗವನ್ನೂ ತೆಗೆಯಬೇಕಾದಾಗ ಆ ಜಾಗಕ್ಕೆ ಕಾಲಿನ ಫಿಬುಲಾ ಮೂಳೆಯನ್ನು ತಂದು ಕೂರಿಸುತ್ತಾರೆ. ಮೊಣಕಾಲಿನ ಕೆಳಗೆ ಹೊರಬದಿಗಿರುವ ಈ ತೆಳುಮೂಳೆ ದೇಹದ ಭಾರದಲ್ಲಿ ಅಲ್ಪ ಪಾಲನ್ನಷ್ಟೇ ಹೊರುತ್ತದೆ, ತನ್ನದೇ ರಕ್ತನಾಳದೊಡನೆ ಹೊರಬರುತ್ತದೆ. ಆದರೆ ಅದು ನೇರ, ದವಡೆ ಬಾಗಿದ್ದು. ಓರೆಯಾಗಿ ಕೊಯ್ದು, ಎರಡು ಮೂರು ತುಂಡು ಮಾಡಿ, ರಕ್ತನಾಳ ಕಡಿಯದಂತೆ ಜೋಡಿಸಬೇಕು. ಮೊದಲು ಇದೆಲ್ಲ ಶಸ್ತ್ರವೈದ್ಯರ ಕಣ್ಣಳತೆ. ಈಗ ದವಡೆ ಮತ್ತು ಕಾಲು ಎರಡರ ಸ್ಕ್ಯಾನನ್ನೂ ಕಂಪ್ಯೂಟರಿಗೆ ಕೊಟ್ಟು ಯಾವ ಕೋನದಲ್ಲಿ ಕೊಯ್ಯಬೇಕೆಂದು ಮೊದಲೇ ಗೊತ್ತುಮಾಡಿ, ಗರಗಸ ತೂರುವ ಸೀಳುಗಳಿರುವ ಪ್ಲಾಸ್ಟಿಕ್ ಅಚ್ಚನ್ನು ಮುದ್ರಿಸಿಕೊಳ್ಳಬಹುದು. ಅಚ್ಚನ್ನು ಮೂಳೆಯ ಮೇಲೆ ತಿರುಪಿನಿಂದ ಬಿಗಿದು ಸೀಳಿನಲ್ಲಿ ಗರಗಸ ಆಡಿಸಿದರೆ ತುಂಡುಗಳು ಅಳತೆಗೆ ಸರಿಯಾಗಿ ಬರುತ್ತವೆ.

ತೊಂದರೆ ಬರುವುದು ದಿನಗಳು ಕಳೆದಂತೆ. ಸ್ಕ್ಯಾನ್ ಆಗಿ ಶಸ್ತ್ರಚಿಕಿತ್ಸೆಯ ಸರದಿ ಬರುವಷ್ಟರಲ್ಲಿ ಗೆಡ್ಡೆ ಬೆಳೆದಿದ್ದರೆ ಅಂದಿನ ಅಳತೆಯ ಅಚ್ಚು ಇಂದಿಗೆ ಸಾಲುವುದಿಲ್ಲ, ಇನ್ನೂ ಆಚೆಗೆ ಕೊಯ್ಯಬೇಕಾಗುತ್ತದೆ. ಅದಕ್ಕೆ ಅಂಚನ್ನು ಇನ್ನಷ್ಟು ಹೊರಗಿಟ್ಟ ಎರಡನೆಯ ಅಚ್ಚನ್ನೂ ಮುದ್ರಿಸಿ ಇಟ್ಟುಕೊಳ್ಳುವ ರೂಢಿ ಇದೆ. ಎರಡರಲ್ಲಿ ಯಾವುದನ್ನು ಬಿಗಿಯಬೇಕೆಂದು ಶಸ್ತ್ರವೈದ್ಯರು ಗೆಡ್ಡೆಯನ್ನು ಕಣ್ಣಾರೆ ನೋಡಿ ತೀರ್ಮಾನಿಸುತ್ತಾರೆ.