ಮುಂಬೇಸಗೆಯ ಹವೆಯೂ ಕಾಡುಗಿಚ್ಚೂ

ಕಾಡು ಉರಿಯುವುದು ಬಿಸಿಲಿನ ಝಳದಿಂದಲೇ ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಆದರೆ ಬಿಸಿಲು ತಾನಾಗಿ ಕಿಚ್ಚನ್ನು ಹೊತ್ತಿಸಲಾರದು. ಸೌದೆಯನ್ನು ಅಣಿಮಾಡಿಕೊಡುತ್ತದೆ, ಅಷ್ಟೆ.

ಹಿಂಗಾರು ನಿಂತ ಮೇಲೆ ಏಪ್ರಿಲ್ ತಿಂಗಳ ಗುಡುಗುಮಳೆಯವರೆಗೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಮಳೆ ಬಲು ವಿರಳ. ನಾಗರಹೊಳೆಯ ತೇಗ, ಮತ್ತಿ, ದಿಂಡಿಗಗಳು ಎಲೆಯುದುರಿಸುವುದು ಈ ಅವಧಿಯಲ್ಲಿಯೇ. ಉದುರಿದ ತರಗೆಲೆಯು ರಾತ್ರಿಯ ತಂಪಿನಲ್ಲಿ ಗಾಳಿಯ ತೇವವನ್ನು ಹೀರಿಕೊಂಡು, ನಡುಹಗಲಿನ ಒಣಹವೆಗೆ ಅದನ್ನು ಬಿಟ್ಟುಕೊಡುತ್ತದೆ. ಆದಕಾರಣ ಮುಂಜಾನೆ ತಾನಾಗಿ ನಂದುವ ಕಿಡಿಯೇ ಮಧ್ಯಾಹ್ನ ಗಾಳಿಯೊಡಗೂಡಿ ದಾವಾಗ್ನಿಯಾಗಬಹುದು. ನಾಲೆಯ ನೀರಾವರಿಯುಳ್ಳ ಕೃಷ್ಣರಾಜನಗರದ ಬಯಲಿನಲ್ಲಿ ಈ ಭಯವು ಹುಲ್ಲಿನ ಬಣವೆಗಳಿಗೆ.

2019ರಲ್ಲಿ ನೆರೆಯ ಬಂಡೀಪುರದ 10,000 ಎಕರೆಗೂ ಮಿಕ್ಕ ಕಾಡು ಬೆಂಕಿಗೆ ಆಹುತಿಯಾದುದು ಫೆಬ್ರವರಿ ತಿಂಗಳಲ್ಲಿ ಎಂಬುದನ್ನು ಶ್ರೋತೃಗಳು ಗಮನಿಸಬೇಕು. ಬಿಸಿಲು ಇನ್ನೂ ಪರಮಾವಧಿಗೆ ಏರಿರಲಿಲ್ಲ. ತರಗು ಮಾತ್ರ ಆಗಲೇ ಒಣಗಿತ್ತು.

ಹವೆಯನ್ನು ತಿದ್ದುವುದು ನಮಗೆ ಸಾಧ್ಯವಿಲ್ಲ. ಆದರೆ ಕಿಡಿಯು ಬಹುಮಟ್ಟಿಗೆ ಮನುಷ್ಯನ ಕೈಯದು. ಅರಣ್ಯ ಇಲಾಖೆಯವರು ಬೆಂಕಿರೇಖೆಗಳನ್ನು ಎಷ್ಟೇ ಸವರಿದರೂ, ದಾರಿಹೋಕನೊಬ್ಬನು ಎಸೆದ ಬೀಡಿಯ ತುಂಡು ಅವನ್ನು ದಾಟಿ ಬೀಳಬಲ್ಲದು. ಕಾಡಂಚಿನ ರೈತರು ಹೊಲದ ಕಸವನ್ನು ಸುಡದೆ, ಮೊದಲ ಮಳೆಯ ಉಳುಮೆಯಲ್ಲಿ ಮಣ್ಣಿಗೆ ಸೇರಿಸುವುದು ಕಾಡಿಗೂ ಹೊಲಕ್ಕೂ ಲೇಸು.