ಕುರಿ ಮಾಂಸ ಸಂಸ್ಕರಣೆಯಲ್ಲಿ ಯಂತ್ರಮಾನವ

ಚಿತ್ರದುರ್ಗ ತಾಲ್ಲೂಕಿನ ತುರುವನೂರು ಹೋಬಳಿಯಂತಹ ಮಳೆಯಾಶ್ರಿತ ಪ್ರದೇಶದಲ್ಲಿ ಬೆಳೆ ಕೈಕೊಟ್ಟ ವರ್ಷ ಸಂಸಾರವನ್ನು ದಡ ಸೇರಿಸುವುದು ಕುರಿ ಹಿಂಡು. ಆದರೆ ಸಂತೆಯಲ್ಲಿ ಕುರಿಯ ಬೆಲೆ ಗೊತ್ತಾಗುವುದು ಬಹುಮಟ್ಟಿಗೆ ಕಣ್ಣಂದಾಜಿನಿಂದ. ವ್ಯಾಪಾರಿ ಬೆನ್ನು, ಸೊಂಟ ಹಿಡಿದು ನೋಡುತ್ತಾನೆ. ಎಷ್ಟು ಕಿಲೋ ಮಾಂಸ ಬಿದ್ದೀತೆಂಬ ಲೆಕ್ಕ ಅವನ ಮನಸ್ಸಿನಲ್ಲೇ ಉಳಿಯುತ್ತದೆ. ಈ ಲೆಕ್ಕವನ್ನು ಯಂತ್ರಕ್ಕೆ ಕಲಿಸುವ ಕೆಲಸ ಹೊರದೇಶಗಳಲ್ಲಿ ನಡೆದಿದ್ದು, ಅದರ ವಿಧಾನ ಕುರಿಗಾರರು ತಿಳಿಯತಕ್ಕದ್ದಾಗಿದೆ.

ಮೋಟಾರು ಕಾರ್ಖಾನೆಯಲ್ಲಿ ಯಂತ್ರಮಾನವನ ಕೆಲಸ ಸುಲಭ. ಅಲ್ಲಿ ಬಿಡಿಭಾಗಗಳೆಲ್ಲ ಒಂದೇ ಅಳತೆಯವು. ಕುರಿ ಹಾಗಲ್ಲ. ಅವಳಿ ಮರಿಗಳೂ ಒಂದೇ ಗಾತ್ರಕ್ಕೆ ಬೆಳೆಯುವುದಿಲ್ಲ. ಸಾಮಾನ್ಯವಾಗಿ ಪಕ್ಕೆಲುಬು 13 ಜೊತೆ ಇದ್ದರೂ ಕೆಲವದರಲ್ಲಿ 12 ಅಥವಾ 14 ಇರುವುದುಂಟು. ಸಮನಾಗಿ ಬೆಳೆಯುವ ಫಾರಂ ಕೋಳಿ ಮತ್ತು ಹಂದಿಗಳಿಗೆ ಯಂತ್ರ ಒಗ್ಗಿದಷ್ಟು ಸುಲಭವಾಗಿ ಕುರಿಗೆ ಒಗ್ಗದಿರಲು ಇದೇ ಕಾರಣ.

ನ್ಯೂಜಿಲೆಂಡಿನಲ್ಲಿ ಸ್ಕಾಟ್ ಟೆಕ್ನಾಲಜಿ ಎಂಬ ಯಂತ್ರ ತಯಾರಕರು ಸಿಲ್ವರ್ ಫರ್ನ್ ಫಾರ್ಮ್ಸ್ ಮಾಂಸ ಸಂಸ್ಥೆಯೊಡನೆ ಸೇರಿ 2000ರ ದಶಕದಿಂದ ಈ ತೊಡಕನ್ನು ಬಿಡಿಸುತ್ತಾ ಬಂದರು. ಅವರ ಯಂತ್ರ ಮೊದಲು ಕತ್ತರಿಸುವುದಿಲ್ಲ, ನೋಡುತ್ತದೆ. ಸುಲಿದು ತಣ್ಣಗಾಗಿಸಿದ ಕುರಿಯನ್ನು ಎಕ್ಸ್‌-ರೇ ಪೆಟ್ಟಿಗೆಯ ಮೂಲಕ ಹಾಯಿಸಲಾಗುತ್ತದೆ. ಮೂಳೆ ಈ ಕಿರಣಗಳನ್ನು ಮಾಂಸಕ್ಕಿಂತ ಹೆಚ್ಚಾಗಿ ತಡೆಯುವುದರಿಂದ ಚಿತ್ರದಲ್ಲಿ ಎದ್ದು ಕಾಣುತ್ತದೆ. ಗಣಕಯಂತ್ರ ಪಕ್ಕೆಲುಬು ಎಣಿಸಿ, ಕೀಲು ಗುರುತಿಸಿ, ಆ ಕುರಿಗೆ ತಕ್ಕ ಅಳತೆ ಹೇಳಿದ ಮೇಲೆಯೇ ಅಲಗು ಚಲಿಸುವುದು. ಮುಂಭಾಗ, ಸೊಂಟ, ತೊಡೆ ಬೇರೆಯಾಗುತ್ತವೆ. ಸೊಂಟದ ಮಾಂಸಕ್ಕೆ ಬೆಲೆ ಹೆಚ್ಚು. ಅದರ ಒಂದು ಅಂಗುಲ ಮುಂಭಾಗಕ್ಕೆ ಹೋದರೆ ಅಷ್ಟೂ ಕಡಿಮೆ ಬೆಲೆಗೆ ಹೋದಂತೆ. ಗರಗಸದಿಂದ ಕೆಲಸಗಾರರ ಬೆರಳು ಉಳಿಯುವುದು ಮತ್ತೊಂದು ಲಾಭ. ಎರಡು ಶಕ್ತಿಮಟ್ಟದ ಎಕ್ಸ್‌-ರೇ ಬಳಸಿದರೆ ಮಾಂಸ, ಕೊಬ್ಬು, ಮೂಳೆಗಳ ಪಾಲೂ ತಿಳಿಯುತ್ತದೆ. ಅಂದರೆ ಕುರಿಗಾರನಿಗೆ ಸಲ್ಲಬೇಕಾದ ಹಣಕ್ಕೆ ಒಂದು ಆಧಾರ ಸಿಕ್ಕಂತಾಯಿತು.

ಇಂತಹ ಯಂತ್ರವನ್ನು ಇಲ್ಲಿ ತಾಲ್ಲೂಕಿಗೊಂದರಂತೆ ತರಬೇಕೆಂಬುದು ದುಡುಕಿನ ಮಾತಾದೀತು. ಇಲ್ಲಿ ಮಾಂಸ ಹೆಚ್ಚಾಗಿ ಕೊಯ್ದ ದಿನವೇ, ಶೀತಲೀಕರಣವಿಲ್ಲದೆ ಮಾರಾಟವಾಗುತ್ತದೆ. ಆದರೆ ಅಳೆದು ಬೆಲೆ ಕಟ್ಟುವ ಕ್ರಮಕ್ಕೆ ಎಕ್ಸ್‌-ರೇ ಬೇಕಿಲ್ಲ, ತೂಗುತಕ್ಕಡಿ ಸಾಕು. ಒಂದು ರಾತ್ರಿ ಹೊಲದಲ್ಲಿ ಮಂದೆ ತರುಬಲು ಇಂತಿಷ್ಟೆಂದು ಖಂಡಿತವಾಗಿ ಗೊತ್ತುಮಾಡಿಕೊಳ್ಳುವ ಕುರಿಗಾರ, ವರ್ಷವಿಡೀ ಸಾಕಿದ ಟಗರನ್ನು ತೂಗದೆ ಕೊಡುವುದು ವಿಚಿತ್ರವೇ ಸರಿ.

ಜೀವಂತ ತೂಕದ ಶೇಕಡ 45ರಿಂದ 50ರಷ್ಟು ಮೂಳೆ ಸಹಿತ ಮಾಂಸ ದೊರೆಯುವುದೆಂದು ಹಿಡಿದರೆ, 30 ಕಿಲೋ ತೂಗುವ ಟಗರಿನಲ್ಲಿ 13.5ರಿಂದ 15 ಕಿಲೋ ಬರಬೇಕು. ಇದನ್ನು ಆ ದಿನದ ಮಾಂಸದ ದರದಿಂದ ಗುಣಿಸಿ, ಚರ್ಮ, ತಲೆ, ಕಾಲುಗಳ ಬೆಲೆ ಕೂಡಿಸಿ, ವ್ಯಾಪಾರಿಯ ಖರ್ಚು ಮತ್ತು ಲಾಭ ಕಳೆದರೆ ಕೇಳಬೇಕಾದ ಬೆಲೆ ಸಿಗುತ್ತದೆ. ಒಂದೇ ವಯಸ್ಸಿನ, ಒಂದೇ ತೂಕದ ಮರಿಗಳನ್ನು ಬೇರ್ಪಡಿಸಿ ಒಟ್ಟಿಗೆ ಮಾರುವುದು ಅನುಕೂಲ. ತೂಕವನ್ನು ಬೆಳಿಗ್ಗೆ, ಮೇಯಲು ಬಿಡುವ ಮೊದಲೇ ನೋಡಬೇಕು. ಮೇದು ನೀರು ಕುಡಿದ ಕುರಿಯಲ್ಲಿ ಹೊಟ್ಟೆಯ ಭಾರವೂ ಸೇರಿ ಲೆಕ್ಕ ತಪ್ಪುತ್ತದೆ.