ಚಿನ್ನದ ವಾಚಿನಲ್ಲಿ ಚಿನ್ನಕ್ಕೇನು ಕೆಲಸ?

ನೂರು ವರ್ಷ ಹಳೆಯ ಚಿನ್ನದ ಪಾಕೆಟ್ ವಾಚು ಕೈಗೆ ಸಿಕ್ಕರೆ ನಾವು ಮೊದಲು ಅಂದಾಜು ಮಾಡುವುದು ಅದರ ತೂಕವನ್ನು. ಪಳಗಿದ ಸಂಗ್ರಾಹಕರು ಹಿಂದಿನ ಮುಚ್ಚಳ ತೆಗೆಯುತ್ತಾರೆ. ವೇಳೆ ಕಾಯುವುದು ಚಿನ್ನವಲ್ಲ, ಕೂದಲಿನಷ್ಟು ತೆಳುವಾದ ಒಂದು ಉಕ್ಕಿನ ಸುರುಳಿ.

ಕೀಲಿ ಕೊಟ್ಟಾಗ ಸುತ್ತಿಕೊಳ್ಳುವ ದೊಡ್ಡ ಸ್ಪ್ರಿಂಗ್‌ನಲ್ಲಿ ಒಂದು ದಿನಕ್ಕೆ ಸಾಕಾಗುವಷ್ಟು ಶಕ್ತಿ ಇರುತ್ತದೆ. ಸುಮ್ಮನೆ ಬಿಟ್ಟರೆ ಅದು ಬರ್ರೆಂದು ಬಿಚ್ಚಿಕೊಂಡು ಕ್ಷಣದಲ್ಲೇ ಖಾಲಿ. ತಡೆಯುವುದಕ್ಕೆ ಪುಟ್ಟದೊಂದು ಲಿವರ್ ಇದೆ. 18ನೇ ಶತಮಾನದ ನಡುವಿನಲ್ಲಿ ಲಂಡನ್ನಿನ ಗಡಿಯಾರಗಾರ ಥಾಮಸ್ ಮಜ್‌ಗೆ ಹೊಳೆದ ಉಪಾಯವಿದು. ಲಿವರಿನ ಎರಡು ತುದಿಗಳು ಹಲ್ಲುಚಕ್ರವನ್ನು ಸರದಿಯಂತೆ ಹಿಡಿಯುತ್ತವೆ, ಬಿಡುತ್ತವೆ. ನಮಗೆ ಕೇಳಿಸುವ ಟಿಕ್ ಟಿಕ್ ಅದರದೇ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ನಿರ್ಧರಿಸುವುದು ಅತ್ತಿತ್ತ ತಿರುಗುವ ಬ್ಯಾಲೆನ್ಸ್ ಚಕ್ರ, ಅದಕ್ಕೆ ಅಂಟಿಕೊಂಡ ಆ ಸುರುಳಿ. 1675ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ಸುರುಳಿಯನ್ನು ಪ್ರಕಟಿಸಿದ್ದೇ ತಡ, ಅದು ತನ್ನದೆಂದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಜಗಳಕ್ಕೆ ನಿಂತ. ಜಗಳವಾಡಬಹುದಾದ ವಸ್ತುವೇ ಬಿಡಿ: ವಾಚಿಗೆ ನಿಮಿಷದ ಮುಳ್ಳು ಸಾಮಾನ್ಯವಾದದ್ದು ಅದು ಬಂದ ಮೇಲೆ.

ಸೆಕೆಂಡಿಗೆ ಐದು ಟಿಕ್ಕಿನಂತೆ ದಿನಕ್ಕೆ 4,32,000. ಹತ್ತು ಸೆಕೆಂಡು ಹಿಂದೆ ಬಿದ್ದರೂ ತಪ್ಪು ಎಂಟು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಆದರೆ ಸೆಕೆಗೆ ಉಕ್ಕಿನ ಬಿಗಿ ಸಡಿಲುತ್ತದೆ. ಬಿಸಿಲು ಒಂದು ಡಿಗ್ರಿ ಏರಿದರೆ ಸಾಕು, ವಾಚು ದಿನಕ್ಕೆ ಸುಮಾರು ಹತ್ತು ಸೆಕೆಂಡು ನಿಧಾನ. ಇದಕ್ಕೆ ಕಂಡುಕೊಂಡ ಪರಿಹಾರ ನನಗಂತೂ ಇಡೀ ವಾಚಿನಲ್ಲೇ ಅತಿ ಚೆಂದದ್ದು. ಬ್ಯಾಲೆನ್ಸ್ ಚಕ್ರದ ಅಂಚನ್ನು ಒಳಗೆ ಉಕ್ಕು, ಹೊರಗೆ ಹಿತ್ತಾಳೆ ಬೆಸೆದು ಮಾಡಿ, ಎರಡು ಕಡೆ ಸೀಳಿ ಬಿಡುತ್ತಿದ್ದರು. ಬಿಸಿಗೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಸೀಳಿದ ತುದಿಗಳು ಒಳಕ್ಕೆ ಬಾಗುತ್ತವೆ, ಚಕ್ರ ಚುರುಕಾಗುತ್ತದೆ. ಸುರುಳಿ ಕಳೆದುಕೊಂಡದ್ದನ್ನು ಚಕ್ರ ತುಂಬಿಕೊಡುತ್ತದೆ.

ಆ ಅಂಚಿನ ಸುತ್ತ ಪುಟಾಣಿ ಸ್ಕ್ರೂಗಳಿವೆ. ಅವುಗಳ ಜಾಗ ಬದಲಿಸಿ ಚಕ್ರದ ತೂಕ ಹೊಂದಿಸುತ್ತಾರೆ. ಒಳ್ಳೆಯ ವಾಚುಗಳಲ್ಲಿ ಅವು ಚಿನ್ನದವು. ಶೋಕಿಗಲ್ಲ: ಚಿನ್ನ ನೀರಿಗಿಂತ 19 ಪಟ್ಟು ಭಾರ, ಉಕ್ಕು ಎಂಟು ಪಟ್ಟೂ ಇಲ್ಲ. ಕಡಿಮೆ ಜಾಗದಲ್ಲಿ ಹೆಚ್ಚು ತೂಕ, ಮೇಲಾಗಿ ತುಕ್ಕಿಲ್ಲ.

ಇಷ್ಟೊಂದು ನಿಖರತೆ ಯಾಕೆ ಬೇಕು ಎನ್ನುವುದಕ್ಕೆ ರೈಲ್ವೆಯೇ ಉತ್ತರ. 1891ರಲ್ಲಿ ಅಮೆರಿಕದ ಓಹಾಯೋದ ಕಿಪ್ಟನ್‌ನಲ್ಲಿ ಎರಡು ರೈಲು ಡಿಕ್ಕಿ ಹೊಡೆದವು. ಒಬ್ಬ ಎಂಜಿನ್ ಚಾಲಕನ ವಾಚು ನಾಲ್ಕು ನಿಮಿಷ ನಿಂತು ಮತ್ತೆ ಓಡಿತ್ತು ಎನ್ನಲಾಯಿತು. ಆಮೇಲೆ ರೈಲ್ವೆ ವಾಚುಗಳು ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪುವಂತಿರಲಿಲ್ಲ. ಇಂಥ ಯಂತ್ರ ನಿಕ್ಕಲ್ ಡಬ್ಬಿಯಲ್ಲಿದ್ದರೂ ಬಲ್ಲವರು ಬಿಡುವುದಿಲ್ಲ.

ಕೊಳ್ಳುವವರಿಗೊಂದು ಗುಟ್ಟು: ಮುಚ್ಚಳದೊಳಗೆ ‘20 ವರ್ಷ ವಾರಂಟಿ’ ಎಂದು ಕೊರೆದಿದ್ದರೆ ಅದು ಹಿತ್ತಾಳೆಗೆ ಹೊದಿಸಿದ ಚಿನ್ನದ ತಗಡು, ರೋಲ್ಡ್‌ಗೋಲ್ಡಿನ ದಾಯಾದಿ. ಗಟ್ಟಿ ಚಿನ್ನಕ್ಕೆ ಯಾರೂ ವಾಯಿದೆ ಹಾಕುವುದಿಲ್ಲ. ತಂದ ಕೂಡಲೇ ಕೀಲಿ ಕೊಟ್ಟು ಓಡಿಸುವುದೂ ಬೇಡ. ಎಣ್ಣೆ ಒಣಗಿದ ಯಂತ್ರ ಓಡಿದರೆ ಅಚ್ಚಿನ ಮೊನೆಗಳು ಸವೆಯುತ್ತವೆ, ಹೊಸದು ಮಾಡಿಕೊಡಲು ಅಮೆರಿಕದ ವಾಲ್ತಮ್, ಎಲ್ಜಿನ್ ವಾಚು ಕಾರ್ಖಾನೆಗಳು ಈಗಿಲ್ಲ. ಚಿನ್ನದ ಬೆಲೆ ಏರಿದಾಗಲೆಲ್ಲ ಎಷ್ಟೋ ವಾಚುಗಳ ಡಬ್ಬಿ ಕುಲುಮೆಗೆ ಹೋಗಿದೆ. ಬರಿಮೈಯಾಗಿ ಉಳಿದ ಅವುಗಳ ಯಂತ್ರಗಳನ್ನು ಬಿಚ್ಚಿಯೇ ರಿಪೇರಿಯವರು ಇಂದು ಉಳಿದವಕ್ಕೆ ಬಿಡಿಭಾಗ ಹೊಂದಿಸುತ್ತಿದ್ದಾರೆ.